ನಾಲಾದ ವಾಸನೆ, ಒಂದರಿಂದ ಐದು

ಫೆಬ್ರವರಿ ೩, ಸೋಮವಾರ. ವಾಸನೆ: ೪

ನನಗೆ ಕೆಲಸ ಸಿಕ್ಕಿದೆ. ಅರವತ್ತೊಂದನೇ ವಯಸ್ಸಿನಲ್ಲಿ, ಅದೂ ಮೂಗಿನ ಕೆಲಸ.

ನಾಲಾ ಸುಧಾರಣೆ ಯೋಜನೆಯ ಎಂಜಿನಿಯರ್ ಮುಷರ್ರಫ್ ಬೆಳಿಗ್ಗೆ ಬಂದಿದ್ದ. ವಯಸ್ಸು ಇಪ್ಪತ್ತೆಂಟು ಇರಬಹುದು, ಮಾತಿಗೆ ಮುಂಚೆ ನಗುತ್ತಾನೆ. ವಾಸನೆ ಅಳೆಯುವ ಯಂತ್ರ ಬರಲು ಇನ್ನೂ ಆರು ತಿಂಗಳಂತೆ. ಅಲ್ಲಿಯವರೆಗೆ ಮನುಷ್ಯರ ಮೂಗೇ ಗತಿ. ರಾಯಚೂರಿನಲ್ಲಿ ಮೂಗಿಗೇನು ಬರವೇ, ನನ್ನದೇ ಯಾಕೆ ಎಂದು ಕೇಳಿದೆ. ಚೀಲದಿಂದ ಒಂದು ದಪ್ಪ ಕಟ್ಟು ತೆಗೆದ. ಹನ್ನೆರಡು ವರ್ಷಗಳಿಂದ ನಾನು ಬರೆದ ದೂರಿನ ಅರ್ಜಿಗಳು. ಉಳಿದವರೆಲ್ಲ "ದುರ್ವಾಸನೆ ಬರುತ್ತಿದೆ, ಕ್ರಮ ಕೈಗೊಳ್ಳಿ" ಎಂದಷ್ಟೇ ಬರೆದಿದ್ದಾರಂತೆ. ನಾನು ಮಾತ್ರ "ಮಂಗಳವಾರ ಕೊಳೆತ ಹೀರೇಕಾಯಿ, ಬುಧವಾರ ಸತ್ತ ಹೆಗ್ಗಣ, ಗುರುವಾರ ಎರಡೂ" ಎಂದು ಬರೆದಿದ್ದೆನಂತೆ. ಆಫೀಸಿನಲ್ಲಿ ಓದಿ ಓದಿ ನಕ್ಕರಂತೆ. ನಗಲಿ. ಇದ್ದದ್ದನ್ನೇ ಬರೆದಿದ್ದೇನೆ.

ಕೆಲಸ ಇಷ್ಟೇ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹಿತ್ತಲ ಬಾಗಿಲಲ್ಲಿ ನಿಂತು, ಕೆಳಗೆ ಹರಿಯುವ ನಾಲಾದ ಕಡೆ ಮುಖ ಮಾಡಿ ಮೂಸಬೇಕು, ಒಂದರಿಂದ ಐದರೊಳಗೆ ಅಂಕ ಹಾಕಬೇಕು. ಒಂದು ಎಂದರೆ ವಾಸನೆ ಇಲ್ಲ. ಐದು ಎಂದರೆ ತಡೆಯಲಾಗದು. ಎರಡು ನೋಟುಬುಕ್ಕು ಕೊಟ್ಟುಹೋದ. ಒಂದು ಆಫೀಸಿಗೆ, ಇನ್ನೊಂದು ಹೆಚ್ಚಿಗೆ. ಆ ಹೆಚ್ಚಿನದರಲ್ಲೇ ಇದನ್ನು ಬರೆಯುತ್ತಿದ್ದೇನೆ. ಅಂಕದಲ್ಲಿ ಹಿಡಿಸದ್ದು ಇಲ್ಲಿರಲಿ. ಇದನ್ನು ಯಾರೂ ಓದಬಾರದು, ಸೊಸೆ ವೇದಶ್ರೀಯಂತೂ ಓದಲೇಬಾರದು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಕೆಂಪು ಶಾಯಿಯಲ್ಲಿ ತಿದ್ದಿಬಿಡುತ್ತಾಳೆ.

ಇವರು ಗುಡಿಯಿಂದ ಬಂದ ಮೇಲೆ, ಮಡಿಯಲ್ಲಿ ನಿಂತು ನಾಲಾ ಮೂಸಿದರೆ ಮೈಲಿಗೆಯೇ ಎಂದು ಕೇಳಿದೆ. ಮೂವತ್ತೆಂಟು ವರ್ಷ ವೆಂಕಟರಮಣನ ಪೂಜೆ ಮಾಡಿದ ಸುಶಮೀಂದ್ರಾಚಾರ್ಯರು ಊಟ ಮುಗಿಯುವವರೆಗೆ ಯೋಚಿಸಿದರು. ಕೈ ತೊಳೆದು ಬಂದು, "ಗಾಳಿಗೆ ಮೈಲಿಗಿ ಇಲ್ಲ. ನಾಲಾದಾಗ ಮಾತ್ರ ಕಾಲಿಡಬ್ಯಾಡ" ಎಂದರು.

ಫೆಬ್ರವರಿ ೮, ಶನಿವಾರ. ವಾಸನೆ: ೫

ಇವತ್ತು ನಾಲಾ ತನ್ನ ನಿಜರೂಪ ತೋರಿಸಿತು. ಆರು ಇದ್ದಿದ್ದರೆ ಆರು ಹಾಕುತ್ತಿದ್ದೆ. ಏಕಾದಶಿ, ಅಡಿಗೆಯ ಗೊಡವೆ ಇಲ್ಲ, ಕೂತು ನಾಲಾಕ್ಕೆ ಮನಸಾರೆ ಬೈದೆ.

ಫೆಬ್ರವರಿ ೨೦, ಗುರುವಾರ. ವಾಸನೆ: ೪

ಜೆಸಿಬಿ ಬಂತು. ಹನ್ನೊಂದು ಮನೆಗಳ ನಮ್ಮ ಓಣಿಗೆ ಓಣಿಯೇ ಹಿತ್ತಲಲ್ಲಿ ನಿಂತಿತ್ತು. ಎದುರು ದಂಡೆಯಲ್ಲಿ ಇನ್ನೂ ಹೆಚ್ಚು ಜನ. ಹೂಳಿನ ಜೊತೆ ನಾಲಾದ ಹೊಟ್ಟೆಯಿಂದ ಏನೇನು ಬಂತು! ಒಂದು ಹೊಲಿಗೆ ಯಂತ್ರ, ಮೂರು ಹೆಲ್ಮೆಟ್ಟು, ಒಂದು ಇಡೀ ಸೋಫಾ. ಸೋಫಾ ಮೇಲೆ ಬಂದಾಗ ಎದುರು ದಂಡೆಯವರು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಆಮೇಲೆ ಮಡಿ ನೆನಪಾಗಿ ಒಳಗೆ ಬಂದೆ.

ಫೆಬ್ರವರಿ ೨೪, ಸೋಮವಾರ. ವಾಸನೆ: ೫

ಹೂಳು ತೆಗೆದು ನಾಲ್ಕು ದಿನವಾಗಿಲ್ಲ, ಮತ್ತೆ ಐದು. ಉಪವಾಸದ ದಿನವೂ ನೆಮ್ಮದಿ ಇಲ್ಲ.

ಏಪ್ರಿಲ್ ೩, ಗುರುವಾರ. ವಾಸನೆ: ೪

ಸೇತುವೆಯವರೆಗೆ ಹೂಳು ತೆಗೆದಾಯಿತು. ನಾಲಾದ ತಳ ಕಾಣುತ್ತಿದೆ. ದೊಡ್ಡ ಅಧಿಕಾರಿಯೊಬ್ಬರು ನೋಡಲು ಬಂದು, ಈಗ ಎರಡು ಹಾಕಬಹುದಲ್ಲ ಎಂದು ನಯವಾಗಿ ಕೇಳಿದರು. ಕಣ್ಣಿಗಾದರೆ ಎರಡು, ಮೂಗಿಗೆ ನಾಲ್ಕೇ ಎಂದೆ. ಅವರು ಹೋದ ಮೇಲೆ ಮುಷರ್ರಫ್ ಬಾಗಿಲ ಮರೆಯಲ್ಲಿ ನಿಂತು ನಗುತ್ತಿದ್ದ. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟೆ, ಬೇರೆ ಲೋಟದಲ್ಲಿ.

ಏಪ್ರಿಲ್ ೮, ಮಂಗಳವಾರ. ವಾಸನೆ: ೫

ಅಯ್ಯೋ, ರಾಮ.

ಏಪ್ರಿಲ್ ೧೨, ಶನಿವಾರ. ವಾಸನೆ: ೪

ಇಂಥ ದಿನ ಜೀವನದಲ್ಲಿ ಹೆಚ್ಚು ಬಂದಿಲ್ಲ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಮುಷರ್ರಫ್ ನನ್ನ ಅಂಕಗಳನ್ನೆಲ್ಲ ಗೆರೆ ಎಳೆದು ಚಿತ್ರ ಮಾಡಿ ತಂದಿದ್ದ. ಉದ್ದಕ್ಕೂ ನಾಲ್ಕು, ನಾಲ್ಕು, ನಾಲ್ಕು. ನಡುನಡುವೆ ಗುಡಿಯ ಗೋಪುರದ ಹಾಗೆ ಐದು ಸಲ ಐದು. "ಬಾಯಾರ, ಇದು ನೋಡ್ರಿ. ಹದಿನೈದು ದಿನಕ್ಕೊಮ್ಮಿ ಐದು. ಯಾರೋ ದಿನ ಎಣಿಸಿ ನಾಲಾಕ್ಕ ಸುರಿಯಾಕತ್ತಾರ" ಎಂದ. ಇದನ್ನು ಯಾವ ಯಂತ್ರವೂ ಹಿಡಿಯುತ್ತಿರಲಿಲ್ಲವಂತೆ. ಆಚಾರ್ಯರ ಹೆಂಡತಿಯೆಂದು ಊರಿಗೆಲ್ಲ ನಾನು ಬಾಯಾರು, ಆಫೀಸಿನಲ್ಲಿ ಈಗ ಮೂಗಿನ ಬಾಯಾರು ಎನ್ನುತ್ತಾರಂತೆ. ಇದು ಹೊಗಳಿಕೆಯೋ ಗೇಲಿಯೋ ಎಂದು ನಾನು ವಿಚಾರಿಸಲಿಲ್ಲ.

ಯಾರು ಸುರಿಯುತ್ತಾರೆ ಎಂಬುದಕ್ಕೂ ಅವನಲ್ಲಿ ಉತ್ತರವಿತ್ತು. ಸೇತುವೆಯ ಆಚೆ, ನಾಲಾದ ದಂಡೆಗೆ ಗುಲಾಮ್ ದಸ್ತಗೀರನ ಮಂಡಾಳ ಭಟ್ಟಿ ಇದೆ. ಭತ್ತ ನೆನೆಹಾಕಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿದು ಮಂಡಾಳು, ಅಂದರೆ ಮಂಡಕ್ಕಿ, ಮಾಡುತ್ತಾರೆ. ಒಗ್ಗರಣೆ ಮಂಡಾಳು ಇಲ್ಲದಿದ್ದರೆ ಈ ಊರಿಗೆ ಬೆಳಗೇ ಆಗುವುದಿಲ್ಲ. ನಾವು ತಿನ್ನುವುದಿಲ್ಲ, ಬೇಯಿಸಿದವರು ಯಾರೋ ಏನೋ. ಆ ನೆನೆದ ನೀರು ನಾಲಾಕ್ಕೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡುತ್ತಿರಬೇಕು ಎಂದು ಅವನ ಲೆಕ್ಕ. ಭಟ್ಟಿಗೆ ನೋಟಿಸು ಹೋಗಿದೆ. ಮೇ ಹದಿನೈದರೊಳಗೆ ಸರಿಯಾದ ಉತ್ತರ ಬರದಿದ್ದರೆ ಬೀಗ.

ಹನ್ನೆರಡು ವರ್ಷ ಅರ್ಜಿ ಬರೆದದ್ದು ಸಾರ್ಥಕವಾಯಿತು. ಸಂಜೆ ಸಜ್ಜಿಗೆ ಮಾಡಿದೆ. ಯಾಕೆ ಎಂದು ಮಗ ಸಂಕರ್ಷಣ ಕೇಳಿದ. ಸುಮ್ಮನೆ ಎಂದೆ.

ಏಪ್ರಿಲ್ ೧೮, ಶುಕ್ರವಾರ. ವಾಸನೆ: ೪

ದಸ್ತಗೀರನೂ ಅವನ ಹೆಂಡತಿ ನೂರ್ ಬೀಯೂ ಬಂದಿದ್ದರು. ಜಗಳಕ್ಕೆ ಬಂದರೆಂದು ನಾನು ಸೆರಗು ಬಿಗಿದೇ ಹೊರಗೆ ಬಂದೆ. ಜಗಳವಲ್ಲ. ಗೇಟಿನ ಹೊರಗೇ ನಿಂತಿದ್ದರು. ದಸ್ತಗೀರ ನೆಲ ನೋಡುತ್ತಿದ್ದ. ದಿನಾ ನೆನೆಹಾಕುತ್ತೇವೆ, ದಿನಾ ಬಿಡುತ್ತೇವೆ, ಹದಿನೈದು ದಿನದ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ ಎಂದ. ಅಪ್ಪನ ಕಾಲದ ಭಟ್ಟಿ, ಏಳು ಜನರ ಕೈಗೆ ಕೆಲಸ.

ನೂರ್ ಬೀ ನನ್ನ ಮುಖವನ್ನೇ ನೋಡಿ ಕೇಳಿದಳು. "ಬಾಯಾರ, ನಿಮ್ಮ ಮೂಗಿನ ಮ್ಯಾಲೆ ನನಗ ಭರೋಸಾ ಅದ. ಐದು ಹಾಕಿದ ದಿನ ಬಂದದ್ದು ಯಾವ ವಾಸನಿರೀ? ನೆನಿ ಭತ್ತದ್ದು ಹುಳಿ ವಾಸನಿ ಇರ್ತದ. ಅದೇನ್ರಿ?"

ನೆನಪಿಲ್ಲ ಎಂದೆ. ನನಗೆ ಎಲ್ಲ ನೆನಪಿದೆ. ಹುಳಿ ಇರಲಿಲ್ಲ. ಒಂದು ದಿನವೂ ಇರಲಿಲ್ಲ.

ಏಪ್ರಿಲ್ ೨೪, ಗುರುವಾರ. ಮಾನ್ವಿ. ವಾಸನೆ: ಇಲ್ಲಿ ನಾಲಾ ಇಲ್ಲ

ತಂಗಿ ಶ್ರೀವಲ್ಲಿಯ ಮನೆಗೆ ಬಂದು ಎರಡು ದಿನವಾಯಿತು. ನಿನ್ನೆ ಎಲ್ಲರೂ ನೀರಮಾನ್ವಿಗೆ ಹೋಗಿ ಯಲ್ಲಮ್ಮನ ದರ್ಶನ ಮಾಡಿ ಬಂದೆವು. ಇವತ್ತು ಏಕಾದಶಿ, ಇಬ್ಬರೂ ನೀರೂ ಕುಡಿಯದೆ ಪಡಸಾಲೆಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದೆವು. ಹನ್ನೊಂದರ ಸುಮಾರಿಗೆ ನಾನು, ಯಾರ ಮನೆಯಲ್ಲೋ ಇಂಗು ಸೀಯುತ್ತಿದೆ ಎಂದೆ. ಶ್ರೀವಲ್ಲಿಗೆ ಏನೂ ಬಂದಿರಲಿಲ್ಲ. ಹೋಗಿ ನೋಡಿ ಬಂದಳು. ಆಚೆ ಬೀದಿಯ ಕೊನೆಯ ಮನೆ. ಬಾಣಲಿ ಕರ್ರಗಾಗಿತ್ತಂತೆ. ಬಿದ್ದುಬಿದ್ದು ನಕ್ಕಳು.

"ಅಕ್ಕಾ, ಏಕಾದಶಿ ಬಂತಂದ್ರ ನಿನ್ನ ಮೂಗು ನಿನ್ನ ಮಾತು ಕೇಳೂದಿಲ್ಲ. ಸಣ್ಣಾಕಿ ಇದ್ದಾಗಿಂದ ಹಂಗ. ಹೊಟ್ಟಿ ಖಾಲಿ ಆತಂದ್ರ ಮೂರನೇ ಮನಿ ಒಗ್ಗರಣಿ ಹೇಳ್ತಿದ್ದಿ, ಮರ್ತೀಯೇನು?"

ನಾನೂ ನಕ್ಕೆ. ನಗು ಅರ್ಧಕ್ಕೇ ಬಿಟ್ಟು ಎದ್ದೆ.

ಒಳಗೆ ಹೋಗಿ ಅವರ ಪಂಚಾಂಗ ತೆಗೆದೆ. ನೋಟುಬುಕ್ಕು ತೆಗೆದೆ. ಫೆಬ್ರವರಿ ಎಂಟು, ಏಕಾದಶಿ. ಇಪ್ಪತ್ತನಾಲ್ಕು, ಏಕಾದಶಿ. ಮಾರ್ಚ್ ಹತ್ತು, ಇಪ್ಪತ್ತಾರು, ಏಪ್ರಿಲ್ ಎಂಟು. ಐದೂ.

ಹದಿನೈದು ದಿನಕ್ಕೊಮ್ಮೆ ನಾಲಾಕ್ಕೆ ಯಾರೂ ಏನೂ ಸುರಿದಿಲ್ಲ. ಹದಿನೈದು ದಿನಕ್ಕೊಮ್ಮೆ ನಾನು ಉಪವಾಸ ಮಾಡಿದ್ದೇನೆ.

ಏಪ್ರಿಲ್ ೨೫, ಶುಕ್ರವಾರ

ಪಾರಣೆಯ ಊಟ ಸೇರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ರಾಯಚೂರಿಗೆ ಬಂದೆ.

ಏಪ್ರಿಲ್ ೨೭, ಭಾನುವಾರ. ವಾಸನೆ: ೪

ಯಾರಿಗೂ ಹೇಳಿಲ್ಲ. ಮನೆಯಲ್ಲಿ ಪಂಚಾಂಗ ನೋಡುವ ಆಚಾರ್ಯರಿದ್ದಾರೆ, ವಿಜ್ಞಾನದ ಮಾಸ್ತರಣಿ ಇದ್ದಾಳೆ, ಮೂಗು ಹೊತ್ತ ನಾನಿದ್ದೇನೆ. ಮೂವರಿಗೂ ಹೊಳೆಯಲಿಲ್ಲ.

ಹೇಳಿದರೆ ಮೂಗಿನ ಬಾಯಾರು ತಮ್ಮ ಮೂಗು ತಾವೇ ಕೊಯ್ದುಕೊಂಡಂತೆ. ಇಡೀ ಊರು ನಗುತ್ತದೆ. ಹೇಳದಿದ್ದರೆ ಭಟ್ಟಿಗೆ ಬೀಗ. ನನಗೆ ನಾಚಿಕೆ ಆಗುತ್ತಿದೆ, ಭಯವೂ ಆಗುತ್ತಿದೆ. ನೂರ್ ಬೀ ಭರೋಸಾ ಎಂದ ಮಾತು ಮತ್ತೆ ಮತ್ತೆ ನೆನಪಾಗುತ್ತದೆ.

ಏಪ್ರಿಲ್ ೩೦, ಬುಧವಾರ. ವಾಸನೆ: ಕೆಳಗೆ ನೋಡು

ಹೇಳಿಬಿಟ್ಟೆ.

ಮುಷರ್ರಫ್ ಆಫೀಸಿಗೆ ಆಟೋ ಮಾಡಿಕೊಂಡು ಹೋದೆ, ಪಂಚಾಂಗ ಕಂಕುಳಲ್ಲಿ ಇಟ್ಟುಕೊಂಡು. ಅವನು ದಿನಾಂಕಗಳನ್ನು ಒಂದೊಂದಾಗಿ ತಾಳೆ ನೋಡಿದ. ಮುಖ ಸಪ್ಪಗಾಯಿತು. ಆ ಚಿತ್ರ ಮೇಲಿನವರಿಗೆಲ್ಲ ತೋರಿಸಿ ಬಂದಿದ್ದನಂತೆ. ಎರಡು ನಿಮಿಷ ಎರಡೂ ಕೈಯಲ್ಲಿ ತಲೆ ಹಿಡಿದು ಕೂತ. ಪಾಪ ಹುಡುಗ ಅಳುತ್ತಾನೇನೋ ಎಂದು ಹೆದರಿದೆ. ನೋಡಿದರೆ ಭುಜ ಕುಲುಕುತ್ತಿತ್ತು. ನಗುತ್ತಿದ್ದ! ರಂಜಾನ್ ತಿಂಗಳಲ್ಲಿ ಅವನಿಗೂ ಮಧ್ಯಾಹ್ನ ಮೂರಕ್ಕೆ ಎದುರು ಹೋಟೆಲಿನ ಚಹಾ ಎಷ್ಟು ಸಕ್ಕರೆಯದು ಎಂದು ತಿಳಿಯುತ್ತದಂತೆ. ನನಗೆ ಮೊದಲೇ ಹೊಳೆಯಬೇಕಿತ್ತು ಎಂದ.

ಬರೆದುಕೊಡಿ ಎಂದ, ಬರೆದುಕೊಟ್ಟೆ. ಆಮೇಲೆ ಅವನೇ ಕೇಳಿದ. ಐದು ಬಿಡಿ, ಹೂಳು ಹೋದ ಮೇಲೂ ದಿನಾ ನಾಲ್ಕು ಯಾಕೆ? ಭಟ್ಟಿಯಿಂದ ನಿಮ್ಮ ಮನೆಯವರೆಗೆ ನಾಲಾದ ಗುಂಟ ನಡೆದು ನೋಡೋಣವೇ?

ಇವರು ಕಾಲಿಡಬೇಡ ಎಂದಿದ್ದರು. ಇಟ್ಟೆ. ಸಂಕರ್ಷಣನ ಹಳೆಯ ಬೂಟು ಹಾಕಿಕೊಂಡು, ಸೀರೆ ಮೇಲೆ ಸಿಕ್ಕಿಸಿ ಇಳಿದೆ. ಭಟ್ಟಿಯ ಹಿಂದೆ ಹುಳಿ ವಾಸನೆ, ಎರಡು. ಸೇತುವೆಯ ಕೆಳಗೆ ಎರಡು. ಸೇತುವೆ ದಾಟಿ ನಮ್ಮ ಓಣಿಯ ಹಿಂದೆ ಬಂದಾಗ ಮುಷರ್ರಫ್ ಕರವಸ್ತ್ರ ತೆಗೆದ. ಹೊಟ್ಟೆ ತುಂಬ ಉಂಡು ಹೋದವಳು ನಾನು, ಆದರೂ ಐದು.

ಗೋಡೆಯಿಂದ ಪೈಪುಗಳು ಹೊರಗೆ ಚಾಚಿದ್ದವು. ಎಣಿಸಿದೆ. ಹನ್ನೊಂದು. ಓಣಿಯ ಮನೆಗಳೂ ಹನ್ನೊಂದೇ. ಮೂರನೆಯದು ನನ್ನ ಹಿತ್ತಲ ಬಾಗಿಲ ನೇರ ಕೆಳಗೆ. ಅದು ಯಾವ ಪೈಪು ಎಂದು ಅವನು ಕೇಳಬೇಕಿರಲಿಲ್ಲ, ನಾನು ಹೇಳಬೇಕಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಈ ಭಾಗಕ್ಕೆ ಒಳಚರಂಡಿ ಬಂದಾಗ ನಮ್ಮ ಓಣಿ ಬೇಡ ಎಂದಿತ್ತು. ರಂಗೋಲಿ ಹಾಕುವ ಜಾಗದಲ್ಲಿ, ದೇವರ ನೀರು ತರುವ ದಾರಿಯಲ್ಲಿ, ಸಂಡಾಸದ ಚೇಂಬರೇ? ಎಲ್ಲರ ಪರವಾಗಿ ಮಾತಾಡಿ ಕೆಲಸದವರನ್ನು ವಾಪಸು ಕಳಿಸಿದವರು ನಮ್ಮ ಆಚಾರ್ಯರು. ನಾನು ಅವತ್ತು ಬಾಗಿಲಲ್ಲಿ ನಿಂತು ಹೆಮ್ಮೆಪಟ್ಟಿದ್ದೆ. ಆಮೇಲೆ ನಮ್ಮ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ. ಹನ್ನೆರಡು ವರ್ಷ ಅರ್ಜಿ ಮಾತ್ರ ಬರೆದೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದವಳು ನಾನು.

ಮೇ ೧, ಗುರುವಾರ. ವಾಸನೆ: ೪ (ನಮ್ಮದೇ)

ಇವರಿಗೆ ಎಲ್ಲ ಹೇಳಿದೆ, ಬೂಟಿನ ಸಂಗತಿಯನ್ನೂ ಬಿಡದೆ. ಕೇಳಿಸಿಕೊಂಡು ಊಟಕ್ಕೆ ಕೂತರು. ಸಾರಿಗೆ ಉಪ್ಪು ಹಾಕಲು ಮರೆತಿದ್ದೆ, ಹಾಗೇ ಉಂಡು ಎದ್ದರು.

ಮೇ ೨, ಶುಕ್ರವಾರ. ವಾಸನೆ: ೪

ಇವತ್ತು ಉಪ್ಪು ಎರಡು ಸಲ ಹಾಕಿದೆ, ಅದನ್ನೂ ಉಂಡು ಎದ್ದರು.

ಮೇ ೩, ಶನಿವಾರ. ವಾಸನೆ: ೪

ಬೆಳಿಗ್ಗೆ ಇವರು ಕೊಡೆ ಹಿಡಿದು ಹಿತ್ತಲಿಗೆ ಹೋದರು. ಬಾಗಿಲು ತೆಗೆದು, ಬಗ್ಗಿ, ಪೈಪನ್ನು ಬಹಳ ಹೊತ್ತು ನೋಡಿದರು. ವಾಪಸು ಬಂದು ಮಣೆಯ ಮೇಲೆ ಕೂತರು, ಆಚಮನ ಶುರು ಮಾಡಲಿಲ್ಲ.

"ನಮ್ಮ ಹೊಲಸು ಆ ದಸ್ತಗೀರನ ಮ್ಯಾಲೆ ಹೊರಿಸಿ ನಾ ಸಂಧ್ಯಾವಂದನಿಗೆ ಹ್ಯಾಂಗ ಕೂಡ್ಲಿ, ಕಾವೇರಿ?"

ನಲವತ್ತು ವರ್ಷದಲ್ಲಿ ಇವರು ನನ್ನನ್ನು ಹೆಸರು ಹಿಡಿದು ಕರೆದದ್ದು ಬೆರಳೆಣಿಕೆಯಷ್ಟು. ನನಗೆ ಅಳು ಬಂತು. ಖುಷಿಗೇ ಬಂತು ಎನಿಸುತ್ತದೆ.

ಮೇ ೮, ಗುರುವಾರ. ವಾಸನೆ: ೫

ಆಫೀಸಿನ ಪುಸ್ತಕದಲ್ಲಿ ಪಕ್ಕಕ್ಕೆ ಬರೆದೆ: ಉಪವಾಸದ ಮೂಗು, ಲೆಕ್ಕಕ್ಕೆ ಹಿಡಿಯಬಾರದು.

ಮೇ ೧೪, ಬುಧವಾರ. ವಾಸನೆ: ೪

ಗುಡಿಯ ಕಟ್ಟೆಯ ಮೇಲೆ ಸಭೆ. ಹನ್ನೊಂದು ಮನೆಯವರು, ಮುಷರ್ರಫ್, ಅವನ ಮೇಲಿನವರು, ದಸ್ತಗೀರ, ನೂರ್ ಬೀ. ನಾಳೆ ಭಟ್ಟಿಗೆ ಬೀಗದ ದಿನ. ಮಾತಾಡಲು ನಾನೇ ಮೊದಲು ಎದ್ದೆ. ನಾನು ಐದು ಸಲ ಹಾಕಿದ ಐದೂ ನನ್ನ ಹಸಿವಿನ ಅಂಕ, ನಾಲಾದ್ದಲ್ಲ, ತಪ್ಪು ನನ್ನದು ಎಂದೆ. ಆಮೇಲೆ ಹನ್ನೊಂದು ಪೈಪಿನ ಸಂಗತಿ ಹೇಳಿದೆ.  ಹಿಂದಿನಿಂದ ಯಾರೋ ಕಿಸಕ್ಕೆಂದರು. ಮತ್ತೊಬ್ಬರು. ಕೊನೆಗೆ ಇಡೀ ಕಟ್ಟೆ ನಕ್ಕಿತು. ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ನೂರ್ ಬೀಯೂ ನಕ್ಕಳು, ಆದರೆ ಕಣ್ಣು ಒರೆಸಿಕೊಳ್ಳುತ್ತ.

ನೋಟಿಸು ಅಲ್ಲೇ ವಾಪಸಾಯಿತು. ಭಟ್ಟಿಯ ಹಿಂದೆ ಬಾಯಾರು ಹಾಕಿದ ಎರಡು ಅಂಕವನ್ನೂ ಯಾಕೆ ಉಳಿಸಬೇಕು ಎಂದು ದಸ್ತಗೀರ ತಾನಾಗಿಯೇ ಇಂಗುಗುಂಡಿ ತೋಡಿಸಲು ಒಪ್ಪಿದ.

ಓಣಿಗೆ ಚೇಂಬರು ಬೇಕೇ ಎಂಬ ಮಾತು ಬಂತು. ಹಿರಿಯರು ಇವರ ಮುಖ ನೋಡಿದರು. ಇವರು ಎದ್ದು ನಿಂತು, ಅವತ್ತು ಬೇಡ ಎಂದವನು ನಾನೇ, ಇವತ್ತು ಮೊದಲು ನಮ್ಮ ಮನೆಯ ಮುಂದೆಯೇ ಅಗೆಯಿರಿ ಎಂದರು. ಒಂದೇ ಒಂದು ಷರತ್ತು ಹಾಕಿದರು. ಕೆಲಸ ಒಳ್ಳೆಯ ಮುಹೂರ್ತದಲ್ಲಿ ಶುರುವಾಗಬೇಕು. ಮುಷರ್ರಫ್‌ನ ಮೇಲಿನವರು ಟೆಂಡರಿನಲ್ಲಿ ಇದನ್ನು ಎಲ್ಲಿ ಬರೆಯುವುದು ಎಂದು ಕೇಳಿದರು.

ಮೇ ೨೨, ಗುರುವಾರ. ವಾಸನೆ: ೪

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸಂಡಾಸದ ಪೈಪಿಗೆ ಮುಹೂರ್ತ. ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ.

ಅಗೆಯುವ ಗ್ಯಾಂಗು ದೇವದುರ್ಗದ ಕಡೆಯದು. ಮೇಸ್ತ್ರಿ ಗುರುಸಿದ್ದ, ಅವನ ಹೆಂಡತಿ ಯಮನಮ್ಮ, ಇನ್ನೂ ಆರು ಜನ. ಎಂಟಕ್ಕೇ ಬಂದು ಗುದ್ದಲಿ ಊರಿ ಕೂತಿದ್ದರು. ಒಂದು ಹೊತ್ತಿನ ತಂಪು ಸುಮ್ಮನೆ ಹೋಗುತ್ತ ಇದೆ ಎಂದು ಗುರುಸಿದ್ದ ಬಿಸಿಲು ನೋಡುತ್ತಿದ್ದ. ಇವರು ಗಡಿಯಾರ ನೋಡುತ್ತಿದ್ದರು. ಯಮನಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ, "ಯವ್ವಾ, ಇಪ್ಪತ್ತ ವರ್ಷದಾಗ ಊರೂರ ಗಟಾರ ಅಗದೀನಿ. ಗುದ್ದಲಿಗೆ ಕುಂಕುಮ ಹಚ್ಚಿದ ಮನಿ ಇದ ಒಂದ ನೋಡ್ರಿ" ಎಂದಳು. ಬೈಗುಳವಲ್ಲ, ಸಂತೋಷದಿಂದಲೇ ಅಂದಳು. ತನ್ನ ಸಲಿಕೆಯನ್ನೂ ಮುಂದಿಟ್ಟು ಇದಕ್ಕೂ ಹಚ್ಚಿ ಎಂದಳು.

ಇವರು ತೆಂಗಿನಕಾಯಿ ಒಡೆದರು. ಗುರುಸಿದ್ದ ಮೊದಲ ಏಟು ಹಾಕಿದ. ಕಾಯಿ ಚೂರು ಎಲ್ಲರಿಗೂ ಹಂಚಿದೆ, ಎಲ್ಲರ ಕೈಗೆ ಕೈಯಾರೆ.

ಮೇ ೨೭, ಮಂಗಳವಾರ. ವಾಸನೆ: ೩

ಬರೆಯಲು ಹೊತ್ತೇ ಇಲ್ಲ. ಹಳೆಯ ಪೈಪುಗಳನ್ನು ಮುಚ್ಚಿದ್ದಾರೆ, ಹೊಸವು ಇನ್ನೂ ಜೋಡಿಸಿಲ್ಲ. ಹೀಗಾಗಿ ಹನ್ನೊಂದೂ ಮನೆಗೆ ಸಂಡಾಸವಿಲ್ಲ! ಇದನ್ನು ಯಾವ ಆಚಾರ್ಯರೂ ಯಾವ ಎಂಜಿನಿಯರೂ ಯೋಚಿಸಿರಲಿಲ್ಲ. ಗಂಡಸರು ಗುಡಿಯ ಹಿಂದಿನ ಹಳೆಯ ಛತ್ರಕ್ಕೆ ಹೋಗುತ್ತಾರೆ. ಹೆಂಗಸರು ಏನು ಮಾಡಬೇಕು ಎಂದು ಅಂಗಳದಲ್ಲಿ ಗುಸುಗುಸು ನಡೆದಿತ್ತು. ಅಷ್ಟರಲ್ಲಿ ನೂರ್ ಬೀಯೇ ಬಂದು ಭಟ್ಟಿಯ ಸಂಡಾಸದ ಕೀಲಿಯನ್ನು ನನ್ನ ಕೈಗೆ ಕೊಟ್ಟಳು. ಎರಡು ಕೋಣೆ, ಬಿಳಿ ಟೈಲ್ಸು, ಒಳಚರಂಡಿಗೆ ಹದಿನೈದು ವರ್ಷದ ಹಿಂದೆಯೇ ಜೋಡಿಸಿದ್ದು. ನಾನು ಬೀಗ ಹಾಕಿಸಲು ಹೊರಟಿದ್ದ ಜಾಗ ಅದು.

ಬೆಳಿಗ್ಗೆ ಐದಕ್ಕೆ ಚೊಂಬು ಹಿಡಿದು ಏಳು ಜನ ಹೆಂಗಸರ ಮೆರವಣಿಗೆ ಸೇತುವೆ ದಾಟುತ್ತದೆ. ಬರುವಾಗ ಅಲ್ಲೇ ಭಟ್ಟಿಯ ಕಟ್ಟೆಯ ಮೇಲೆ ಸ್ವಲ್ಪ ಕೂಡುತ್ತೇವೆ.

ಜೂನ್ ೨, ಸೋಮವಾರ. ವಾಸನೆ: ೩

ಸ್ವಲ್ಪ ಎಂದು ಕೂತದ್ದು ಇವತ್ತು ಒಂದು ಗಂಟೆಯಾಯಿತು. ನೂರ್ ಬೀಗೆ ಮಂಡಿನೋವು, ನನಗೂ ಮಂಡಿನೋವು. ಇಷ್ಟು ವರ್ಷ ನಾಲಾದ ಆಚೆ ಈಚೆ ಒಂದೇ ನೋವಿಗೆ ಬೇರೆ ಬೇರೆ ಎಣ್ಣೆ ಹಚ್ಚಿದ್ದೇವೆ. ಅವಳ ಎಣ್ಣೆ ಚೆನ್ನಾಗಿದೆ. ಯಮನಮ್ಮನಿಗೂ ಕೊಟ್ಟೆ. ಅವಳು ನನಗೆ ಸಜ್ಜೆ ರೊಟ್ಟಿ ತೆಳ್ಳಗೆ ಬಡಿಯುವ ಕ್ರಮ ತೋರಿಸಿದಳು. ನಮ್ಮ ಅಂಗಳದಲ್ಲೇ ಮೂರು ಕಲ್ಲಿನ ಒಲೆ ಹೂಡಿದ್ದಾಳೆ.

ಬೂಟಿಗೆ ನೆಲ್ಲಿಕಾಯಿಯಷ್ಟು ತೂತು ಬಿದ್ದಿದೆ. ನಾಲಾಕ್ಕೆ ಇಳಿಯದೆ ಅಂಕ ಹಾಕಲು ಈಗ ನನಗೆ ಸಮಾಧಾನವಾಗುವುದಿಲ್ಲ.

ಹೊಸ ನೋಟುಬುಕ್ಕು ಕೊಡಲು ಮುಷರ್ರಫ್ ಬಂದಿದ್ದ. ಮಜ್ಜಿಗೆ ಕೊಟ್ಟೆ. ಬೇರೆ ಲೋಟ ಎಲ್ಲಿಟ್ಟಿದ್ದೇನೋ ಸಿಗಲಿಲ್ಲ. ಇದ್ದದ್ದರಲ್ಲೇ ಕೊಟ್ಟೆ. ಹುಡುಕಬೇಕು.

ಜೂನ್ ೧೩, ಶುಕ್ರವಾರ. ವಾಸನೆ: ೨

ಎರಡು! ಆಫೀಸಿನ ಪುಸ್ತಕದಲ್ಲಿ ದಪ್ಪಗೆ ಬರೆದೆ.

ನಿನ್ನೆ ಎಲ್ಲ ಮನೆಗಳ ಪೈಪುಗಳೂ ಒಳಚರಂಡಿಗೆ ಸೇರಿದವು. ನಮ್ಮ ಹೊಸ್ತಿಲ ಮುಂದೆ ಕಬ್ಬಿಣದ ದುಂಡು ಮುಚ್ಚಳ ಬಂತು. ಬೆಳಿಗ್ಗೆ ರಂಗೋಲಿ ಬಟ್ಟಲು ಹಿಡಿದು ಅದರ ಮುಂದೆ ನಿಂತೆ. ಎಲ್ಲಿ ಹಾಕುವುದು? ಪಕ್ಕಕ್ಕೆ ಹಾಕಿದರೆ ಸೊಟ್ಟ. ಮುಚ್ಚಳದ ಸುತ್ತಲೂ ಎಳೆ ಎಳೆದೆ, ಹದಿನಾರು ಎಸಳು ಸರಿಯಾಗಿ ಕೂತವು. ಇಷ್ಟು ನಿಖರವಾದ ದುಂಡು ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ವೇದಶ್ರೀ ಫೋಟೋ ತೆಗೆದಳು. ಇವರು ಗುಡಿಗೆ ಹೋಗುವಾಗ ಸುತ್ತುಹಾಕಿ ದಾಟಿದರು. ಸಂಜೆ ಉಳಿದ ಹತ್ತು ಮನೆಯವರೂ ಬಂದು ಎಸಳು ಎಣಿಸಿಕೊಂಡು ಹೋದರು.

ಜೂನ್ ೧೯, ಗುರುವಾರ. ವಾಸನೆ: ೨

ಗ್ಯಾಂಗು ಹೊರಟಿತು. ಯಮನಮ್ಮನಿಗೆ ಕುಪ್ಪಸದ ಕಣ, ಉಪ್ಪಿನಕಾಯಿ ಕೊಟ್ಟೆ. ದೇವದುರ್ಗಕ್ಕೆ ಬಾ ಎಂದಳು. ಬರುತ್ತೇನೆ ಎಂದೆ, ಬಾಯಿಮಾತಿಗಲ್ಲ. ಸಂಡಾಸ ಸರಿಯಾಗಿ ಒಂದು ವಾರವಾಯಿತು. ಆದರೂ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ. ಎಚ್ಚರವಾದ ಮೇಲೆ ಸುಮ್ಮನೆ ಯಾಕೆ ಬಿದ್ದುಕೊಳ್ಳುವುದು ಎಂದು ಸೇತುವೆಯ ಕಡೆ ಹೋಗಿ ನೂರ್ ಬೀಯ ಜೊತೆ ಕೂತು ಬರುತ್ತೇನೆ.

ಜುಲೈ ೬, ಭಾನುವಾರ. ಪ್ರಥಮ ಏಕಾದಶಿ

ಎರಡು ದಿನ ಮಳೆ ಹೊಡೆದು ನಾಲಾ ತುಂಬಿ ಹರಿಯಿತು. ಇವತ್ತು ಇಳಿದಿದೆ. ಇವತ್ತಿನ ಅಂಕ ಲೆಕ್ಕಕ್ಕಿಲ್ಲ, ಏಕಾದಶಿ. ಆದರೆ ಮುಷರ್ರಫ್‌ನೇ ಬೇಕೆಂದ. ಹೊಟ್ಟೆ ತುಂಬಿದ ಮೂಗು ಸಾಕಷ್ಟು ಆಯಿತು, ನಾಲಾ ಪಾಸಾಗಬೇಕಾದರೆ ಉಪವಾಸದ ಮೂಗಿನ ಮುಂದೆ ಪಾಸಾಗಲಿ ಎಂದ.

ಕಾಯಿಸಿದ ಮುದ್ರೆ ಹಾಕಿಸಿಕೊಳ್ಳಲು ಬೆಳಿಗ್ಗೆಯೇ ಮಠಕ್ಕೆ ಹೋಗಿದ್ದೆವು. ತೋಳಿನ ಮೇಲೆ ಶಂಖಚಕ್ರ ಇನ್ನೂ ಚುರುಗುಟ್ಟುತ್ತಿತ್ತು. ಹಿತ್ತಲಿಗೆ ಬಂದು ನೋಡಿದರೆ ಎರಡೂ ದಂಡೆಯಲ್ಲಿ ಜನ. ಜೆಸಿಬಿ ಬಂದ ದಿನವೂ ಇಷ್ಟಿರಲಿಲ್ಲ. ದಸ್ತಗೀರ, ನೂರ್ ಬೀ, ಹನ್ನೊಂದು ಮನೆಯವರು. ಎಲ್ಲರೂ ನನ್ನ ಮೂಗು ನೋಡುತ್ತಿದ್ದರು. ನಾಚಿಕೆಯಾಯಿತು. ಕಣ್ಣು ಮುಚ್ಚಿ ಉಸಿರೆಳೆದೆ.

ಮೊದಲು ಹಸಿ ಮಣ್ಣು. ಆಮೇಲೆ ಯಾರ ಹಿತ್ತಲಿನದೋ ಕರಿಬೇವು. ಇನ್ನೊಮ್ಮೆ ಎಳೆದೆ, ಹೊಲಸು ಎಲ್ಲಾದರೂ ಅಡಗಿದೆಯೋ ಎಂದು ಹುಡುಕಿ ಹುಡುಕಿ ಎಳೆದೆ. ಅದಿರಲಿಲ್ಲ. ಬದಲಿಗೆ ಬೇರೇನೋ ಬಂತು. ಬೆಚ್ಚಗೆ, ಗರಿಗರಿಯಾಗಿ, ಕಾದ ಮರಳಿನ ಮೇಲೆ ಅಕ್ಕಿ ಅರಳುವ ಘಮ. ಇಷ್ಟು ವರ್ಷ ಸೇತುವೆಯ ಆಚೆ ದಿನಾ ಅದು ಅರಳುತ್ತಿತ್ತು, ನನಗೆ ಒಂದು ದಿನವೂ ಬಂದಿರಲಿಲ್ಲ. ಬಾಯಲ್ಲಿ ನೀರು ಬಂತು. ನಿರಾಹಾರದ ಹೊಟ್ಟೆ ಎರಡೂ ದಂಡೆಗೆ ಕೇಳುವಂತೆ ಗುರ್ರೆಂದಿತು.

ಒಂದು ಎಂದೆ.

ಏನು ಗದ್ದಲ! ಮುಷರ್ರಫ್ ನೋಟುಬುಕ್ಕು ಮೇಲೆತ್ತಿ ಕುಣಿದ. ಇವರು ನಕ್ಕರು, ಹಲ್ಲು ಕಾಣುವಂತೆ. ಹೊಟ್ಟೆ ಯಾಕೆ ಕೂಗಿತು ಎಂದು ನೂರ್ ಬೀ ಕೇಳಿದಳು, ನಿಮ್ಮ ಮಂಡಾಳಿಗೆ ಎಂದೆ. ದಸ್ತಗೀರನ ಮುಖ ಗಂಭೀರವಾಯಿತು. ಹೆಂಡತಿಯ ಜೊತೆ ಏನೋ ಮಾತಾಡಿ ಸೇತುವೆ ದಾಟಿ ನಮ್ಮ ಹಿತ್ತಲಿಗೇ ಬಂದ.

"ಬಾಯಾರ, ಇನ್ನ ಮ್ಯಾಲೆ ಏಕಾದಶಿ ಏಕಾದಶಿಗೆ ಭಟ್ಟಿ ಬಂದ್ ಇಡ್ತೀನ್ರಿ. ತಿಂಗಳಿಗೆ ಎರಡ ದಿನ, ನಮಗೇನು ಭಾರ ಇಲ್ಲ. ನಿಮ್ಮ ಉಪವಾಸ ಸುಸೂತ್ರ ಆಗ್ಲಿ."

ನಾನೇ ಎರಡು ಹೆಜ್ಜೆ ಮುಂದೆ ಹೋದೆ. 

"ಬ್ಯಾಡ್ರಿ. ನನ್ನ ಮೂಗಿನ ಸಲುವಾಗಿ ನಿಮ್ಮ ಭಟ್ಟಿ ಬಂದ್ ಆಗೂದು ಬ್ಯಾಡ. ಒಂದ ದಿನಾನೂ ಬ್ಯಾಡ. ಉರೀಲಿ."

ಈಗ ಸಂಜೆ ಐದು. ನಾಳೆ ಪಾರಣೆಗೆ ಇನ್ನೂ ಹದಿಮೂರು ಗಂಟೆ ಇದೆ. ಭಟ್ಟಿ ಉರಿಯುತ್ತಲೇ ಇದೆ. ಹಿತ್ತಲ ಬಾಗಿಲು ಮುಚ್ಚು, ಸ್ವಲ್ಪ ಕಷ್ಟ ಕಡಿಮೆಯಾಗುತ್ತದೆ ಎಂದು ಇವರು ಎರಡು ಸಲ ಹೇಳಿದರು. ಎದ್ದು ಹೋದೆ, ಮುಚ್ಚಲು ಮನಸ್ಸು ಬರಲಿಲ್ಲ, ಅಲ್ಲೇ ಹೊಸ್ತಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.